ಪೆನ್ಸಿಲ್‌ನಲ್ಲಿ ಬರೆದ ಮಾತ್ರೆ

ನಮ್ಮ ವ್ಯಾನು ಬಿಳಿಯದೋ ತಿಳಿನೀಲಿಯದೋ ಎಂಬ ವಿಷಯದಲ್ಲಿ ನನಗೂ ಡ್ರೈವರ್ ಮುನಿರತ್ನನಿಗೂ ಇನ್ನೂ ರಾಜಿಯಾಗಿಲ್ಲ. ಅವನು ಹನ್ನೊಂದು ವರ್ಷ ಅದನ್ನು ಓಡಿಸಿದವನು, ನಾನು ಹನ್ನೊಂದು ವರ್ಷ ಅದರ ಎಡಗಡೆಯ ಸೀಟಿನಲ್ಲಿ ಕೂತವಳು. ಅವನು ಬಿಳಿ ಎನ್ನುತ್ತಾನೆ. ನನ್ನ ಕಣ್ಣಿಗೆ ಈಗಲೂ ತಿಳಿನೀಲಿಯೇ ಕಾಣುತ್ತದೆ. ಒಂದು ವಾಹನದ ಬಣ್ಣದ ಗತಿಯೇ ಹೀಗಾದರೆ, ಯಾರು ಯಾವ ದಿನ ಏನು ಹೇಳಿದರು ಎಂದು ನಾನು ಬರೆಯುವುದನ್ನು ಎಷ್ಟು ನಂಬಬೇಕೆಂಬುದನ್ನು ಓದುವವರಿಗೇ ಬಿಡುತ್ತೇನೆ. ದಿನಚರಿಗಳಿವೆ, ನಿಜ. ಅವುಗಳಲ್ಲಿ ಬೇಕಾದದ್ದು ಕಡಿಮೆ, ಬೇಡದ್ದು ಹೆಚ್ಚು. ‘ಬಸ್ಸು ತಡ. ಸಂತೆಯಲ್ಲಿ ಅವರೆಕಾಯಿ ಸಿಕ್ಕಿತು’ ಎಂದಿರುವ ಪುಟದ ದಿನ ಏನೇನು ನಡೆದಿತ್ತೆಂದು ನೆನೆದರೆ, ಅವರೆಕಾಯಿಯ ಬಗ್ಗೆ ಬರೆಯಲು ನನಗೆ ಹೇಗೆ ಮನಸ್ಸು ಬಂತೋ ಎನಿಸುತ್ತದೆ.

ಬರೆಯಲು ಹೇಳಿದವಳು ನನ್ನ ತಮ್ಮನ ಮಗಳು ಸಿಂಧು. ಅವಳೂ ನರ್ಸ್. ನಾನು ಕೆಲಸ ಮಾಡಿ ನಿವೃತ್ತಳಾದ ವಿಭಾಗಕ್ಕೇ ಎರಡು ವರ್ಷದ ಹಿಂದೆ ಸೇರಿಕೊಂಡಳು.

“ಅತ್ತೆ, ಹೊಸದಾಗಿ ನಾಲ್ಕು ಜನ ಹುಡುಗೀರು ಬಂದಿದಾರೆ. ಪುಸ್ತಕದಲ್ಲಿರೋದೆಲ್ಲ ಅವರಿಗೆ ಗೊತ್ತು. ಇಲ್ಲದೇ ಇರೋದನ್ನ ನೀವು ಬರೆದುಕೊಡಿ” ಎಂದಳು.

“ನನ್ನ ತಪ್ಪುಗಳನ್ನ ಬರೀಲಾ?”

“ಅದನ್ನೇ ಮೊದಲು ಬರೀರಿ. ಅವರು ಓದೋದೇ ಅದನ್ನ.”

ಹಾಗಾಗಿ ಬರೆಯುತ್ತಿದ್ದೇನೆ. ರೋಗಿಗಳ ಹೆಸರುಗಳನ್ನು ಬದಲಾಯಿಸಿದ್ದೇನೆ. ಮನೆಗೆ ಬಂದ ಮೇಲೆ ರೋಗಿಯ ವಿಷಯ ಬಾಯಿಗೆ ಬರಬಾರದು ಎಂಬುದು ನಾನು ಸಿಂಧುವಿಗೆ ಹೇಳಿಕೊಟ್ಟ ಮೊದಲ ಪಾಠ. ಅವಳು ನರ್ಸಿಂಗ್ ಕಾಲೇಜಿಗೆ ಸೇರುವ ಮೊದಲೇ, ನಮ್ಮ ಹೊಸೂರಿನ ಮನೆಯ ಊಟದ ಮೇಜಿನಲ್ಲಿ ಹೇಳಿದ್ದೆ.

ನನ್ನ ಕೆಲಸ ಏನೆಂದು ನೆಂಟರಿಗೆ ವಿವರಿಸುವುದು ಕಷ್ಟವಾಗುತ್ತಿತ್ತು. “ಹುಚ್ಚಾಸ್ಪತ್ರೆಯಲ್ಲಿ ಕೆಲಸವಂತೆ” ಎಂದು ಒಬ್ಬರು, “ಊರೂರು ತಿರುಗಿ ಸೂಜಿ ಚುಚ್ತಾಳಂತೆ” ಎಂದು ಇನ್ನೊಬ್ಬರು. ಎರಡನೆಯದು ಹೆಚ್ಚು ಸರಿ. ನಮ್ಮದು ಒಂದು ಧರ್ಮಾರ್ಥ ಆಸ್ಪತ್ರೆಯ ಸಮುದಾಯ ವಿಭಾಗ. ವಾರದ ಐದು ದಿನ ವ್ಯಾನಿನಲ್ಲಿ ಹೊರಡುತ್ತಿದ್ದೆವು: ಸೂಳಗಿರಿ ಕಡೆ ಒಂದು ದಿನ, ಮೂಕಂಡಪಲ್ಲಿಯ ಕಾರ್ಮಿಕರ ವಠಾರಗಳಿಗೆ ಒಂದು ದಿನ, ಡೆಂಕಣಿಕೋಟೆಯಿಂದಾಚೆ ಕಾಡಂಚಿನ ಊರುಗಳಿಗೆ ಎರಡು ದಿನ, ಹೀಗೆ. ಹೋಗಿ ಮಾತಾಡಿಸುವುದು, ಮಾತ್ರೆ ನುಂಗಿದ್ದಾರೋ ಕೋಳಿಗೆ ಹಾಕಿದ್ದಾರೋ ನೋಡುವುದು, ಡಾಕ್ಟರ್ ಬರೆದಿದ್ದ ಇಂಜೆಕ್ಷನ್ ಕೊಡುವುದು, ಕೈ ನಡುಗುತ್ತಿದೆಯೋ ನಾಲಿಗೆ ತೊದಲುತ್ತಿದೆಯೋ ಗಮನಿಸುವುದು. ಗಡಿಸೀಮೆಯಾದ್ದರಿಂದ ರೋಗಿಗಳು ಮೂರು ಭಾಷೆಯವರು. ಒಬ್ಬರೇ ಮೂರೂ ಆಡುತ್ತಿದ್ದರು. ಸೂಳಗಿರಿಯ ಒಬ್ಬ ಅಜ್ಜಿ ನನ್ನ ಹತ್ತಿರ ಕಷ್ಟ ಹೇಳುವಾಗ ಕನ್ನಡ, ಸೊಸೆಯನ್ನು ಬೈಯುವಾಗ ತೆಲುಗು, ಡಾಕ್ಟರ್ ಬಂದರೆ ತಮಿಳು. ತೆಲುಗು ಹೆಚ್ಚಾದ ತಿಂಗಳು ಅಜ್ಜಿ ಚೇತರಿಸಿಕೊಂಡಿದ್ದಾರೆಂದು ನಾವು ತಿಳಿಯುತ್ತಿದ್ದೆವು.

ಈ ಅಜ್ಜಿಯಿಂದಲೇ ನನ್ನ ಮೊದಲ ತಪ್ಪು ಬಯಲಾದದ್ದು. ಓದು ಬಾರದವರಿಗೆ ನಾನು ಮಾತ್ರೆಯನ್ನು ಬಣ್ಣದಿಂದ ಕಲಿಸುತ್ತಿದ್ದೆ. ಬೆಳಿಗ್ಗೆ ಬಿಳಿ, ರಾತ್ರಿ ಹಳದಿ. ಒಂದು ತಿಂಗಳು ಬೇರೆ ಕಂಪನಿಯ ಸರಕು ಬಂತು, ಅದರಲ್ಲಿ ಬೆಳಗಿನದೂ ಹಳದಿ. ನಾನು ನೋಡಿಕೊಳ್ಳಲಿಲ್ಲ. ಅಜ್ಜಿ ಎರಡನ್ನೂ ರಾತ್ರಿಗೇ ನುಂಗಿ, ಮಾರನೇ ಮಧ್ಯಾಹ್ನದವರೆಗೆ ಮಲಗಿ ಎದ್ದು, “ಸಿಸ್ಟರಮ್ಮ, ಮದುವೆಯಾದಾಗಿಂದ ಇಂತಾ ನಿದ್ದೆ ಮಾಡಿರ್ಲಿಲ್ಲ, ಇದನ್ನೇ ಕೊಡು” ಎಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆ ತಪ್ಪಿನಿಂದ ನಾನು ಕಲಿತದ್ದು ಬಣ್ಣದ ವಿಷಯವನ್ನು ಮಾತ್ರ.

ಈಗ ಪೆನ್ಸಿಲ್‌ನ ವಿಷಯ. ನಮ್ಮ ಡಾಕ್ಟರ್ ಅರುಳ್ ಹದಿನೈದು ದಿನಕ್ಕೊಮ್ಮೆ ಬುಧವಾರ ಬರುತ್ತಿದ್ದರು. ಆ ಒಂದು ದಿನದಲ್ಲಿ ಎಂಬತ್ತು ತೊಂಬತ್ತು ಜನರನ್ನು ನೋಡಬೇಕು. ಮಾತ್ರೆ ಬರೆಯುವ ಅಧಿಕಾರ ಅವರಿಗೆ ಮಾತ್ರ. ಉಳಿದ ದಿನಗಳಲ್ಲಿ ರೋಗಿಯನ್ನು ನೋಡುವವಳು ನಾನು. ಮಾತ್ರೆ ಹೆಚ್ಚಾಗಿದೆ, ಕಡಿಮೆಯಾಗಿದೆ, ಹೊತ್ತು ಸರಿಯಿಲ್ಲ ಎಂದು ನನಗೆ ಕಾಣುತ್ತದೆ, ಆದರೆ ಬದಲಾಯಿಸುವ ಹಾಗಿಲ್ಲ. ಇದಕ್ಕೆ ಅವರೇ ಒಂದು ದಾರಿ ಮಾಡಿದ್ದರು. ಪ್ರತಿ ರೋಗಿಗೂ ನಮ್ಮ ಕಚೇರಿಯಲ್ಲಿ ಒಂದು ದಪ್ಪ ಕಾರ್ಡು ಇತ್ತು. ಅದರಲ್ಲಿ ನಾನು ನನ್ನ ಸಲಹೆಯನ್ನು ಪೆನ್ಸಿಲ್‌ನಲ್ಲಿ ಬರೆಯಬಹುದು. ಬುಧವಾರ ಅವರು ಬಂದು ರೋಗಿಯನ್ನು ನೋಡಿ, ಒಪ್ಪಿದರೆ ಅದರ ಮೇಲೆಯೇ ಶಾಯಿಯಲ್ಲಿ ಬರೆಯುತ್ತಿದ್ದರು. ಒಪ್ಪದಿದ್ದರೆ ಉಜ್ಜಿಬಿಡುತ್ತಿದ್ದರು. ಹಾಗಾಗಿ ಆ ಮೇಜಿನ ಮೇಲೆ ಯಾವಾಗಲೂ ರಬ್ಬರಿನ ಪುಡಿ. ಕ್ಲಿನಿಕ್ ಮುಗಿದ ಮೇಲೆ ಮುನಿರತ್ನ ಬಾಯಿಯಲ್ಲಿ ಊದಿ, “ನೋಡಿ ಅಕ್ಕ, ಡಾಕ್ಟರ್ ಈವತ್ತು ನಿಮ್ಮನ್ನ ಎಷ್ಟು ಉಜ್ಜವ್ರೆ” ಎಂದು ರೇಗಿಸುತ್ತಿದ್ದ.

ಮೊದಲ ವರ್ಷ ಪುಡಿ ಹೆಚ್ಚು. ಬರಬರುತ್ತ ಕಡಿಮೆಯಾಯಿತು. ನಾಲ್ಕನೆಯ ವರ್ಷದ ಹೊತ್ತಿಗೆ ಡಾಕ್ಟರ್ ನನ್ನ ಪೆನ್ಸಿಲ್ ಸಾಲುಗಳನ್ನು ಓದುತ್ತಲೇ ಶಾಯಿ ಹರಿಸುತ್ತಿದ್ದರು, ತಲೆ ಎತ್ತಿ ರೋಗಿಯನ್ನು ನೋಡುವುದು ಆಮೇಲೆ. “ಸಿಸ್ಟರ್ ಬರೆದ್ರೆ ಸರಿ ತಾನೇ ಇರುತ್ತೆ” ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳುತ್ತಿದ್ದರು. ಆ ಮಾತನ್ನು ದಿನಚರಿಯಲ್ಲಿ ಮೂರು ಸಲ ಬರೆದಿಟ್ಟಿದ್ದೇನೆ. ಎರಡು ಸಲ ಕೆಳಗೆ ಗೆರೆ ಎಳೆದಿದ್ದೇನೆ.

ನಮ್ಮ ರೋಗಿಗಳಲ್ಲದವರ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು ಎಂದೇ ನನ್ನ ಹೆಸರು. ಮೂಕಂಡಪಲ್ಲಿಯ ಒಬ್ಬ ಫ್ಯಾಕ್ಟರಿ ಸೂಪರ್‌ವೈಸರ್ ತನ್ನ ಹೆಂಡತಿಯನ್ನು ಡಾಕ್ಟರಿಗೆ ತೋರಿಸದೆ ಮಾತ್ರೆ ಕೊಡಿ ಎಂದಾಗ ಕೊಡಲಿಲ್ಲ. ನನ್ನ ತಮ್ಮನೇ, ಸಿಂಧುವಿನ ಅಪ್ಪ, ಶಾಲೆಯ ಮೇಷ್ಟ್ರು, ಪರೀಕ್ಷೆಗಳ ಕಾಲದಲ್ಲಿ ನಿದ್ದೆ ಬರುತ್ತಿಲ್ಲವೆಂದು ಎರಡು ಮಾತ್ರೆ ಕೇಳಿದ್ದ. “ಚೀಟಿ ತಗೊಂಡು ಬಾ” ಎಂದೆ. “ನಿನ್ನ ಚೀಲದ ತುಂಬ ಇದೆಯಲ್ಲಕ್ಕ!” “ಅದು ನನ್ನ ಚೀಲ ಅಲ್ಲ ಕಣೋ.” ಒಂದು ವಾರ ಮಾತು ಬಿಟ್ಟ. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಗೆರೆ ಎಲ್ಲಿದೆ ಎಂದು ಗೊತ್ತಿರುವವಳು ನಾನು ಅಂದುಕೊಂಡಿದ್ದೆ.

ಮಾದಪ್ಪ ಎಂದು ಕರೆಯುತ್ತೇನೆ, ಡೆಂಕಣಿಕೋಟೆಯಾಚೆ ಕಾಡಿಗೆ ಅಂಟಿಕೊಂಡ ಊರಿನವನು. ನಾನು ಮೊದಲು ನೋಡಿದಾಗ ಮೂವತ್ತೈದರ ಆಸುಪಾಸು. ಅವನಪ್ಪ ಕಾಡಿನಲ್ಲಿ ತೀರಿಕೊಂಡ ಮೇಲೆ ಅವನಿಗೆ ಅಪ್ಪನ ದನಿ ಕೇಳತೊಡಗಿತ್ತು. ಕಾಡಿನೊಳಗಿಂದ ಹೆಸರು ಹಿಡಿದು ಕೂಗುತ್ತಿತ್ತಂತೆ. ಎರಡು ಸಲ ದನಿಯ ಹಿಂದೆ ನಡೆದುಹೋಗಿ, ಊರವರು ಹುಡುಕಿ ತಂದಿದ್ದರು. ಮಾತ್ರೆ ಹಿಡಿದ ಮೇಲೆ ದನಿ ನಿಂತಿತು. ಐದು ವರ್ಷ ಒಂದೂ ತೊಂದರೆಯಿಲ್ಲ. ಹೆಂಡತಿ ಗೌರಮ್ಮ ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದಳು. ಅವನು ಹೊಲ ನೋಡಿಕೊಳ್ಳುತ್ತಿದ್ದ.

ಆ ಊರಿನಲ್ಲಿ ರಾಗಿ ತೆನೆ ಬಲಿಯುವ ಕಾಲಕ್ಕೆ ಆನೆಗಳು ಇಳಿಯುತ್ತವೆ. ಹೊಲದಂಚಿನ ಮರದ ಮೇಲೆ ಅಟ್ಟಣೆ ಕಟ್ಟಿ, ರಾತ್ರಿಯೆಲ್ಲ ಒಬ್ಬ ಎಚ್ಚರವಿದ್ದು ಡಬ್ಬ ಬಡಿದು ಊರನ್ನು ಎಬ್ಬಿಸಬೇಕು. ಮಾದಪ್ಪನ ಕಿವಿ ಆ ಸೀಮೆಗೇ ಹೆಸರಾದದ್ದು. ಕಾಡುಹಂದಿ ನುಗ್ಗಿದ ಸದ್ದಿಗೂ ಆನೆ ಕೊಂಬೆ ಮುರಿದ ಸದ್ದಿಗೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ಆನೆ ನಿಂತಲ್ಲೇ ನಿಂತು ಹೊಟ್ಟೆಯೊಳಗೆ ಗುಡುಗುವುದು ಅವನೊಬ್ಬನಿಗೇ ಕೇಳುತ್ತಿತ್ತಂತೆ. ಅಕ್ಕಪಕ್ಕದ ಮೂರು ಹೊಲದವರೂ ಕಾವಲನ್ನು ಅವನಿಗೇ ಬಿಟ್ಟಿದ್ದರು. ಒಂದು ಕಾಲಕ್ಕೆ ಹಗ್ಗ ಹಾಕಿ ಕಟ್ಟಿದ್ದ ಮನುಷ್ಯನ ಕೈಗೆ ಊರಿನ ಬೆಳೆ ಕೊಟ್ಟಿದ್ದರು ಎಂದರೆ ಅದೆಷ್ಟು ದೊಡ್ಡದೆಂದು ಈ ಕೆಲಸಕ್ಕೆ ಬರುವ ಹುಡುಗಿಯರಿಗೆ ಬೇಗನೆ ಅರ್ಥವಾಗುತ್ತದೆ.

ತೊಂದರೆ ಒಂದೇ. ಮಾತ್ರೆ ರಾತ್ರಿಯದು, ನುಂಗಿದರೆ ನಿದ್ದೆ. “ರಾಗಿ ಮನೆಗೆ ಬರಾಗಂಟ ಮಾತ್ರೆ ಬುಟ್ಬುಡ್ಲಾ ಸಿಸ್ಟರಮ್ಮ?” ಎಂದು ಅವನೇ ಕೇಳಿದ. ಕೇಳದೆ ಬಿಡುವವರೇ ಹೆಚ್ಚು. ಕೇಳಿದನಲ್ಲ ಎಂದು ನನಗೆ ಅಭಿಮಾನವಾಯಿತು. ಕಾರ್ಡಿನಲ್ಲಿ ಪೆನ್ಸಿಲ್‌ನಿಂದ ಬರೆದೆ: ಕಾವಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಅಟ್ಟಣೆಯಿಂದ ಇಳಿದು ತಿಂಡಿ ತಿಂದ ಮೇಲೆ ಮಾತ್ರೆ, ಹಗಲು ನಿದ್ದೆ. ಡಾಕ್ಟರ್ ಅರುಳ್ ಅದರ ಮೇಲೆ ಶಾಯಿ ಹರಿಸಿ, “ಇದು ಕಾಲೇಜಲ್ಲಿ ಹೇಳಿಕೊಡಲ್ಲ ಸಿಸ್ಟರ್” ಎಂದರು. ನನ್ನ ಎಲ್ಲ ಪೆನ್ಸಿಲ್ ಸಾಲುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು. ಮೂರು ರಾಗಿ ಬೆಳೆಯನ್ನು ಮಾದಪ್ಪ ಹಾಗೆಯೇ ಕಾದ.

ನಾಲ್ಕನೆಯ ವರ್ಷ, ಕಟಾವಿಗೆ ಇನ್ನು ವಾರವೋ ಹತ್ತು ದಿನವೋ ಇತ್ತು. ಒಂದು ಮಧ್ಯಾಹ್ನ ಗೌರಮ್ಮ ಡೇರಿಯವರ ಫೋನಿನಿಂದ ಕರೆ ಮಾಡಿದಳು. ನಾನು ಸೂಳಗಿರಿಯಲ್ಲಿದ್ದೆ. ಮುನಿರತ್ನ ಟೀ ತರಲು ಹೋಗಿದ್ದ. ಇಷ್ಟು ಖಚಿತ. ಮಾತು ಹೆಚ್ಚುಕಡಿಮೆ ಹೀಗಿತ್ತು.

“ಸಿಸ್ಟರಮ್ಮ, ಇವ್ರಿಗೆ ಮತ್ತೆ ಸದ್ದು ಕೇಳಕ್ಕೆ ಸುರು ಆಗೈತೆ.”

“ಏನು ಸದ್ದು? ಅವರಪ್ಪನ ದನಿನಾ?”

“ಆನೆ ಸದ್ದಂತೆ. ಮೂಡ್ಲು ಕಡೆ ಹಳ್ಳದಾಗೆ ನಿಂತವೆ ಅಂತಾರೆ. ಆ ಕಡೆ ಯಾವತ್ತೂ ಆನೆ ಬಂದಿಲ್ಲಮ್ಮ. ಊರೋರು ಹೊಲದಂಚಿಗಂಟ ಹೋಗಿ ನೋಡ್ಕಂಡ್ ಬಂದ್ರು, ಲದ್ದಿನೂ ಇಲ್ಲ, ಹೆಜ್ಜೆನೂ ಇಲ್ಲ. ಇನ್ಯಾರಿಗೂ ಕೇಳಕಿಲ್ಲ, ಇವ್ರಿಗೊಬ್ರಿಗೇ ಕೇಳ್ತದೆ.”

“ಹಗಲು ಮಲಗ್ತಾರಾ?”

“ಎಲ್ಲಿ ಮಲಗ್ತಾರೆ! ಎರಡು ದಿನ ಆಯ್ತು ಕಣ್ಣು ಮುಚ್ಚಿ. ಕಿವಿಗೆ ಕೈ ಇಟ್ಕಂತಾರೆ, ತೆಗೀತಾರೆ. ಬಾಯಾಗೆ ಅವ್ರಷ್ಟಕ್ಕೆ ಏನೋ ಎಣಿಸ್ತಾರೆ. ನಂಗೆ ಭಯ ಆಯ್ತದೆ.”

ನಮ್ಮ ಹತ್ತಿರ ಒಂದು ಪಟ್ಟಿ ಇತ್ತು, ಕಾಯಿಲೆ ಮರುಕಳಿಸುವ ಲಕ್ಷಣಗಳದು. ನಿದ್ದೆ ಇಲ್ಲ. ಬೇರೆಯವರಿಗೆ ಕೇಳದ್ದು ಕೇಳುತ್ತದೆ. ತನ್ನಷ್ಟಕ್ಕೆ ಮಾತು. ಕಿವಿ ಮುಚ್ಚಿಕೊಳ್ಳುವುದು. ನಾನು ಒಂದೊಂದಕ್ಕೂ ಮನಸ್ಸಿನಲ್ಲೇ ಗುರುತು ಹಾಕಿದೆ, ಒಂದೂ ಬಿಟ್ಟುಹೋಗಲಿಲ್ಲ. ಒಬ್ಬ ಒಳ್ಳೆಯ ಕಾವಲುಗಾರ, ಆನೆ ಹತ್ತಿರವಿದೆ ಎಂದು ಗೊತ್ತಾದಾಗ, ಬೇರೆ ಹೇಗಿರುತ್ತಾನೆ ಎಂಬ ಯೋಚನೆ ಆಗ ಬರಲಿಲ್ಲ. ಆ ಪಟ್ಟಿಯನ್ನು ಮಾಡಿದವರ ಊರಿನಲ್ಲಿ ಆನೆ ಇರಲಿಲ್ಲ. ನನಗೆ ಆ ನೆಪವೂ ಇಲ್ಲ.

“ಈಗಲೇ ಒಂದು ಮಾತ್ರೆ ಕೊಡಿ ಗೌರಮ್ಮ. ಸಂಜೆ ಇನ್ನೊಂದು. ಈವತ್ತು ಕಾವಲಿಗೆ ಕಳಿಸಬೇಡಿ.”

“ಡಾಕ್ಟ್ರು ಬೆಳಗ್ಗೆ ಒಂದೇ ಅಂತ ಬರ್ದವ್ರೆ.”

“ನಾನು ಹೇಳ್ತಿದ್ದೀನಲ್ಲ.”

ಡಾಕ್ಟರ್ ಅರುಳ್ ಅವರಿಗೆ ಫೋನ್ ಮಾಡಿದೆ, ಸಿಗಲಿಲ್ಲ ಎಂದು ನನ್ನ ನೆನಪು ಹೇಳುತ್ತದೆ. ದಿನಚರಿಯಲ್ಲಿ ಹಾಗೆ ಬರೆದಿಲ್ಲ. ಆ ದಿನ ನಾನು ಟೀ ಕುಡಿದದ್ದು, ಟೀಯಲ್ಲಿ ಶುಂಠಿ ಹೆಚ್ಚಾಗಿದ್ದದ್ದು ಇದೆ. ಫೋನ್ ಮಾಡಿದ್ದರೆ ಬರೆಯುತ್ತಿರಲಿಲ್ಲವೇ? ಎಷ್ಟು ವರ್ಷದಿಂದ ಆ ಕರೆಯನ್ನು ನಾನು ಮನಸ್ಸಿನಲ್ಲಿ ಮಾಡುತ್ತಿದ್ದೇನೋ, ಈಗ ಅದರ ರಿಂಗೂ ಕೇಳಿಸುತ್ತದೆ. ಸಂಜೆ ಕಚೇರಿಗೆ ಮರಳಿ ಮಾದಪ್ಪನ ಕಾರ್ಡು ತೆಗೆದು ಪೆನ್ಸಿಲ್‌ನಲ್ಲಿ ಬರೆದೆ: ಸದ್ದು ಕೇಳುತ್ತಿದೆ, ನಿದ್ದೆ ಇಲ್ಲ, ತನ್ನಷ್ಟಕ್ಕೆ ಎಣಿಸುತ್ತಾರೆ, ಮಾತ್ರೆ ಎರಡು ಹೆಚ್ಚಿಗೆ. ಅದು ಸಲಹೆಯ ಸಾಲಾಗಿರಲಿಲ್ಲ. ಮಾತ್ರೆ ಆಗಲೇ ಅವನ ಹೊಟ್ಟೆಯಲ್ಲಿತ್ತು.

ಎರಡು ದಿನದ ಮೇಲೆ ನಮ್ಮ ವ್ಯಾನು ಆ ಊರಿಗೆ ಹೋಯಿತು. ದೂರದಿಂದಲೇ ಮುನಿರತ್ನ “ಅಯ್ಯೋ” ಎಂದು ಗಾಡಿ ನಿಧಾನ ಮಾಡಿದ. ನಾಲ್ಕು ಹೊಲದ ರಾಗಿ ಮಣ್ಣಿಗೆ ಅಂಟಿಕೊಂಡು ಮಲಗಿತ್ತು. ಪೂರ್ವದ ಹಳ್ಳದ ಕಡೆಯ ಬೇಲಿ ಕಿತ್ತು ಹೋಗಿತ್ತು. ನಾನು ಫೋನಿನಲ್ಲಿ ಹೇಳಿದ ರಾತ್ರಿ ಮಾದಪ್ಪನ ಬದಲು ಅಟ್ಟಣೆಯಲ್ಲಿ ಕೂತಿದ್ದ ಪಕ್ಕದ ಹೊಲದವನು ಕಾಡಿನ ಕಡೆಗೇ ಮುಖ ಮಾಡಿ ಕಾದಿದ್ದನಂತೆ. ಆನೆಗಳು ಬೆನ್ನ ಹಿಂದೆ ಬಂದಾಗ ಡಬ್ಬ ಬಡಿಯುವುದನ್ನೂ ಮರೆತು ಮರದ ಮೇಲೆಯೇ ನಡುಗುತ್ತ ಕೂತಿದ್ದನಂತೆ. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಇದನ್ನು ನಾನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ.

ಮಾದಪ್ಪ ಹೊಲದ ಬದುವಿನ ಮೇಲೆ ಕೂತಿದ್ದ. ನಾನು ಹತ್ತಿರ ಹೋದೆ. ಅವನ ಕಣ್ಣು ಇನ್ನೂ ಮಂಕಾಗಿತ್ತು.

“ಹೇಗಿದೀರಿ ಮಾದಪ್ಪ?”

“ಮಾತ್ರೆ ಚೆನ್ನಾಗಿ ಕೆಲ್ಸ ಮಾಡ್ತು ಸಿಸ್ಟರಮ್ಮ. ಆನೆ ಸದ್ದು ಪೂರ್ತಿ ನಿಂತೋಯ್ತು.”

ಅವನು ನಗಲಿಲ್ಲ. ಕೋಪದಲ್ಲೂ ಹೇಳಲಿಲ್ಲ. ಕೈ ಚಾಚಿ ಹೆಜ್ಜೆ ಗುರುತುಗಳನ್ನು ತೋರಿಸಿದ. “ನಾಕು ದೊಡ್ಡವು, ಒಂದು ಮರಿ. ಎರಡು ದಿನದಿಂದ ಎಣಿಸ್ತಿದ್ದೆ. ಫಾರೆಸ್ಟ್‌ನೋರು ಬಂದು ಹೆಜ್ಜೆ ನೋಡಿ ಅವ್ರೂ ಅಷ್ಟೇ ಅಂದ್ರು.”

ನನಗೆ ಕಾರ್ಡಿನ ಮೇಲಿನ ನನ್ನದೇ ಅಕ್ಷರ ಕಣ್ಣ ಮುಂದೆ ಬಂತು. ತನ್ನಷ್ಟಕ್ಕೆ ಎಣಿಸುತ್ತಾರೆ. ಏನನ್ನು ಎಣಿಸುತ್ತಾರೆ ಎಂದು ಕೇಳಬಹುದಿತ್ತು.

ಡೇರಿಯ ಮುಂದೆ ಬೆಳಗಿನ ಹಾಲಿಗೆ ಬಂದವರು ನಿಂತಿದ್ದರು. ಹಾಳಾದ ಹೊಲಗಳಲ್ಲಿ ಒಂದರ ಯಜಮಾನ ಮುನಿಯಪ್ಪ, ವಯಸ್ಸಾದವರು, ನನ್ನನ್ನು ಕಂಡು ಮುಂದೆ ಬಂದರು. “ಏನಮ್ಮ ಸಿಸ್ಟ್ರೆ, ಮಾತ್ರೆ ತಿನ್ನೋನ್ನ ನಂಬ್ಕಂಡು ಎಂಗಮ್ಮ ಕಾವ್ಲು ಬಿಡಾದು? ಬೇಕಾದಾಗ ಮಲ್ಗೋಗ್ಬುಟ್ಟ.”

“ಅವರ ತಪ್ಪಲ್ಲ” ಎಂದೆ. “ಮಾತ್ರೆ ಜಾಸ್ತಿಯಾಗಿತ್ತು. ಅದಕ್ಕೇ ನಿದ್ದೆ ಬಂತು.”

“ಯಾರು ಜಾಸ್ತಿ ಕೊಟ್ಟೋರು?”

ಹಾಲಿನ ಕ್ಯಾನ್ ಹಿಡಿದು ಗೌರಮ್ಮ ಅಲ್ಲೇ ನಿಂತಿದ್ದಳು. ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ, ಅಥವಾ ತೆರೆಯಲು ನಾನು ತಡ ಮಾಡಿದ್ದರಿಂದ, ಹಿಂದಿನಿಂದ ಯಾರೋ ಹೆಂಗಸು ಅಂದಳು: “ಇನ್ಯಾರು, ಇವ್ಳೇ. ಲೆಕ್ಕ ತಪ್ಪಿ ಕೊಟ್ಟವ್ಳೆ.” ಮುನಿಯಪ್ಪ ತಲೆ ಆಡಿಸಿದರು. ಗೌರಮ್ಮ ಇನ್ನೊಂದು ಕ್ಷಣ ನನ್ನ ಮುಖ ನೋಡಿ, ಕ್ಯಾನ್ ಎತ್ತಿಕೊಂಡು ಡೇರಿಯ ಒಳಗೆ ಹೋದಳು. ಕೊಡಲು ಹೇಳಿದ್ದು ನಾನೇ ಎಂದು ಹೇಳುವುದಕ್ಕೆ ಆಗ ಬೇಕಾದಷ್ಟು ಹೊತ್ತಿತ್ತು. ಬರೆಯುವ ಅಧಿಕಾರವಿಲ್ಲದವಳು ಫೋನಿನಲ್ಲಿ ಮಾತ್ರೆ ಬದಲಾಯಿಸಿದ್ದಾಳೆ ಎಂದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ, ರಿಜಿಸ್ಟ್ರೇಷನ್ ಹೋಗುತ್ತದೆ, ಡಾಕ್ಟರಿಗೂ ಕೆಟ್ಟ ಹೆಸರು. ಇಷ್ಟೆಲ್ಲ ಆ ಕ್ಷಣದಲ್ಲಿ ಯೋಚಿಸಿದೆನೋ, ಆಮೇಲೆ ಜೋಡಿಸಿಕೊಂಡೆನೋ ಗೊತ್ತಿಲ್ಲ. ಸುಮ್ಮನಿದ್ದದ್ದು ಮಾತ್ರ ಖಂಡಿತ. ಅದನ್ನು ಮುನಿರತ್ನನೂ ನೋಡಿದ್ದಾನೆ. ವಾಪಸು ಬರುವಾಗ ಅವನು ಹುಣಸೆ ಮರದ ಸಾಲು ಕಳೆದ ಮೇಲೆ, “ಅಕ್ಕ, ಆ ಹೆಣ್ಣುಮಗಳ ಮುಖ ನೋಡಿದ್ರಾ?” ಎಂದ, ಅಷ್ಟೆ.

ಊರವರು ಮಾದಪ್ಪನಿಂದ ಕಾವಲನ್ನು ತೆಗೆದರು. ಜಗಳವಿಲ್ಲ, ಬೈಗುಳವಿಲ್ಲ, ಮುಂದಿನ ವರ್ಷ ಅಟ್ಟಣೆ ಕಟ್ಟುವ ಕಾಲಕ್ಕೆ ಅವನನ್ನು ಕರೆಯಲಿಲ್ಲ.

ಆ ಬುಧವಾರ ಡಾಕ್ಟರ್ ಬಂದಾಗ ನಾನು ಎಲ್ಲವನ್ನೂ ಹೇಳಿದೆ. ಹೇಳಿದೆ ಎಂಬುದು ದಿನಚರಿಯಲ್ಲೂ ಇದೆ, ಅದು ನನಗೊಂದು ಸಮಾಧಾನ. ಅವರು ಕಾರ್ಡು ತೆಗೆದು ಓದಿದರು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಾನೂ ನೀವು ಬರೆದದ್ದನ್ನ ನೋಡದೆ ಶಾಯಿ ಹಾಕ್ತಿದ್ದೆ, ಅಲ್ವಾ ಸಿಸ್ಟರ್” ಎಂದರು. ಆಮೇಲೆ, “ಪೆನ್ಸಿಲ್ ತಾನೇ” ಎಂದರು.

ಇಲ್ಲಿಂದ ಮುಂದೆ ನನ್ನ ಹತ್ತಿರ ಮೂರು ನೆನಪುಗಳಿವೆ. ಒಂದರಲ್ಲಿ ಅವರು ಪೆನ್ನು ತೆಗೆದು, “ನಾನೇ ಫೋನಿನಲ್ಲಿ ಹೇಳಿದೆ ಅಂತ ಬರೀತೀನಿ” ಎನ್ನುತ್ತಾರೆ. ಇನ್ನೊಂದರಲ್ಲಿ ರಬ್ಬರು ನನ್ನ ಕೈಯಲ್ಲಿದೆ, ನಾನು ಪುಡಿಯನ್ನು ಊದುತ್ತಿದ್ದೇನೆ. ಆದರೆ ಪುಡಿ ಆ ಮೇಜಿನ ಮೇಲೆ ಯಾವಾಗಲೂ ಇರುತ್ತಿತ್ತು. ಅದು ಬೇರೆ ಯಾವುದೋ ಬುಧವಾರದ್ದಿರಬಹುದು. ಮೂರನೆಯದರಲ್ಲಿ, ‘ಮನೆಯವರು ತಪ್ಪಿ ಹೆಚ್ಚು ಕೊಟ್ಟಿದ್ದಾರೆ’ ಎಂಬ ಸಾಲು ಕಾಣುತ್ತದೆ, ಯಾರ ಅಕ್ಷರವೆಂದು ಕಾಣುವುದಿಲ್ಲ. ದಿನಚರಿ ತೆಗೆದು ನೋಡಿದೆ. ‘ಮಾದಪ್ಪನ ಕಾರ್ಡು ಸರಿಯಾಯಿತು’ ಎಂದಿದೆ. ಮುಂದಿನ ಸಾಲು ಮಳೆಯ ಬಗ್ಗೆ. ಸರಿಯಾಯಿತು ಎಂದರೆ ಏನಾಯಿತು? ಬರೆದವಳು ನಾನೇ, ಕೇಳಲು ಬೇರೆ ಯಾರೂ ಇಲ್ಲ. ಡಾಕ್ಟರ್ ಅರುಳ್ ತೀರಿಕೊಂಡು ಮೂರು ವರ್ಷವಾಯಿತು.

ಆಮೇಲೂ ಆರು ವರ್ಷ ನಾನು ಮಾದಪ್ಪನ ಮನೆಗೆ ಹೋಗುತ್ತಿದ್ದೆ. ಅವನು ಮಾತ್ರೆ ತಪ್ಪಿಸಲಿಲ್ಲ. ನಾನು ಹೋದಾಗ ಗೌರಮ್ಮ ಮಜ್ಜಿಗೆ ಕೊಡುತ್ತಿದ್ದಳು. ಆದರೆ ಫೋನ್ ಮಾಡುವುದನ್ನು ನಿಲ್ಲಿಸಿದಳು. ಒಂದು ಬೇಸಿಗೆಯಲ್ಲಿ ಅವನಿಗೆ ನಿಜವಾಗಿಯೇ ಅಪ್ಪನ ದನಿ ಮತ್ತೆ ಕೇಳತೊಡಗಿತ್ತು. ಒಂದೂವರೆ ತಿಂಗಳು ಇಬ್ಬರೂ ಬಾಯಿ ಬಿಡಲಿಲ್ಲ. ಊಟ ಬಿಟ್ಟು ಸೊರಗಿದ್ದನ್ನು ನೋಡಿ ನಾನೇ ಡಾಕ್ಟರಿಗೆ ತೋರಿಸಿದ ಮೇಲೆ ಗೊತ್ತಾದದ್ದು. “ಯಾಕೆ ಮೊದಲೇ ಹೇಳಲಿಲ್ಲ?” ಎಂದರೆ ಗೌರಮ್ಮ, “ಯೋಳಿದ್ರೆ ಏನಾಯ್ತದೆ ಅಂತ ಗೊತ್ತಲ್ಲಮ್ಮ” ಎಂದಳು.

ನಿವೃತ್ತಳಾದ ಮೇಲೆ ಒಮ್ಮೆ ಹೊಸೂರಿನ ಮಾರುಕಟ್ಟೆಯಲ್ಲಿ ಮಾದಪ್ಪ ಸಿಕ್ಕಿದ್ದ, ಟೊಮೇಟೊ ಕ್ರೇಟುಗಳನ್ನು ಇಳಿಸುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. “ಚೆನ್ನಾಗಿದೀರಾ ಸಿಸ್ಟರಮ್ಮ?” ಎಂದು ಅವನೇ ಕೂಗಿ ಮಾತಾಡಿಸಿದ. ಊರಿನ ಸುತ್ತ ಈಗ ಕರೆಂಟಿನ ಬೇಲಿ ಬಂದಿದೆ, ಅಟ್ಟಣೆ ಇಲ್ಲ ಎಂದ. ನನಗೆ ಹಳೆಯ ಅಭ್ಯಾಸ, ಬಾಯಿಗೆ ಬಂದೇಬಿಟ್ಟಿತು: “ಸದ್ದುಗಿದ್ದು ಏನಾದರೂ ಕೇಳುತ್ತಾ?”

“ಕೇಳಿದ್ರೂ ನಿಮ್ಗೆ ಯೋಳಕಿಲ್ಲ ಬಿಡಿ” ಎಂದು ನಕ್ಕು, ಎರಡು ಹಿಡಿ ಟೊಮೇಟೊ ನನ್ನ ಚೀಲಕ್ಕೆ ಹಾಕಿದ.

ಈಗ ಕೆಲಸದ ರೀತಿ ಬದಲಾಗಿದೆ. ಸಿಂಧುವಿನ ಕೈಯಲ್ಲಿ ಫೋನಿಗಿಂತ ದೊಡ್ಡದೊಂದು ಪರದೆ ಇದೆ. ಡಾಕ್ಟರ್ ಅದರಲ್ಲೇ ಮುಖ ತೋರಿಸುತ್ತಾರೆ, ರೋಗಿಯನ್ನು ಅಲ್ಲೇ ಮಾತಾಡಿಸುತ್ತಾರೆ, ಮಾತ್ರೆ ಅಲ್ಲೇ ಬರೆಯುತ್ತಾರೆ. ಯಾರು ಎಷ್ಟು ಹೊತ್ತಿಗೆ ಏನು ಬದಲಾಯಿಸಿದರು ಎಂಬುದು ತಾನಾಗಿಯೇ ದಾಖಲಾಗುತ್ತದೆ. ನರ್ಸುಗಳಿಗೂ ಕೆಲವು ಮಾತ್ರೆಗಳನ್ನು ಬರೆಯುವ ಅಧಿಕಾರ ಕೊಡಬೇಕೆಂಬ ಮಾತು ಸಭೆಗಳಲ್ಲಿ ಬರುತ್ತಿದೆಯಂತೆ. “ನೀವೇನಂತೀರಿ ಅತ್ತೆ?” ಎಂದು ಕೇಳಿದಳು. ಕೊಡಲಿ ಎಂದೆ. ನನ್ನ ಕಾಲದಲ್ಲಿ ನನಗೂ ಬೇಕಿತ್ತು. ನನ್ನ ಹೆಸರಿನಲ್ಲಿ ಶಾಯಿಯಿಂದ ಬರೆಯಬೇಕಾಗಿದ್ದರೆ ಆ ಮಧ್ಯಾಹ್ನ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು, ಹೆದರಿಕೆಯಾಗಿದ್ದರೆ ಗೌರಮ್ಮನಿಗೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಇದು ಇಷ್ಟು ವರ್ಷದ ಮೇಲೆ ಬಂದ ಜಾಣತನವೂ ಇರಬಹುದು. ಹೊಸ ಹುಡುಗಿಯರು ನನ್ನ ಮಾತನ್ನು ಅಷ್ಟಕ್ಕೇ ತೆಗೆದುಕೊಳ್ಳಲಿ.

ಆದರೂ ಆ ವ್ಯಾನು, ಕಿಟಕಿಯಿಂದ ಬರುತ್ತಿದ್ದ ಅವರೆ ಹೂವಿನ ವಾಸನೆ, ಮುನಿರತ್ನನ ತಮಿಳು ಹಾಡು, ಡಾಕ್ಟರ್ ಪೆನ್ನಿನ ಮುಚ್ಚಳ ತೆರೆಯುವ ಸದ್ದು, ಇವೆಲ್ಲ ಮತ್ತೆ ಒಂದು ದಿನಕ್ಕಾದರೂ ಸಿಗುವುದಾದರೆ ಹೋಗಿಬಿಡುತ್ತೇನೆ. ಆ ದಿನ ಯಾವುದು ಬೇಕೆಂದು ಕೇಳಿದರೆ ಮಾತ್ರ ನನಗೆ ಗೊತ್ತಿದೆ. ಡೇರಿಯ ಮುಂದೆ ನಿಂತ ದಿನ.

ಹೋದ ತಿಂಗಳಿಂದ ಸಿಂಧುವಿಗೆ ಹಳೆಯ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಕೊಟ್ಟಿದ್ದಾರೆ. ಭಾನುವಾರ ಮನೆಗೆ ಬಂದವಳು ನನ್ನ ಜೊತೆ ಅವರೆಕಾಳು ಹಿದುಕುತ್ತ ಕೂತಿದ್ದಳು. “ಡೆಂಕಣಿಕೋಟೆ ಪೆಟ್ಟಿಗೆ ಈ ವಾರ ಮುಗೀತು ಅತ್ತೆ. ನಿಮ್ಮ ಅಕ್ಷರ ಎಷ್ಟು ಚೆಂದ ಇತ್ತು! ಆದರೆ ಪೆನ್ಸಿಲ್ ಸ್ಕ್ಯಾನಿಗೆ ಸಿಗಲ್ಲ. ಒಂದೊಂದೇ ಓದಿ ನಾನೇ ಟೈಪ್ ಮಾಡ್ತಿದ್ದೀನಿ” ಎಂದಳು. ನನ್ನ ಕೈ ನಿಂತಿತು. ಗೌರಮ್ಮ ಇನ್ನೂ ಆ ಊರಿನಲ್ಲಿದ್ದಾಳೆ. ಕಾರ್ಡಿನಲ್ಲಿ ಇರುವುದು ಸುಳ್ಳಾದರೆ ಅದನ್ನು ತಿದ್ದಿಸಲು ನನಗೆ ಇನ್ನೂ ಕಾಲಿದೆ, ಬಾಯಿದೆ. ಹೊರಗಿನ ಬಾಗಿಲು ತೆರೆದಿದೆಯೋ ನೋಡಿ, ದನಿ ತಗ್ಗಿಸಿ, ಕಾರ್ಡಿನಲ್ಲಿರುವ ಅವನ ನಿಜವಾದ ಹೆಸರನ್ನು ಹೇಳಿ ಕೇಳಿದೆ:

“ಆ ರಾಗಿ ಕಾಲದ ಸಾಲಿನಲ್ಲಿ, ಹೆಚ್ಚಿನ ಮಾತ್ರೆ ಕೊಡೋಕೆ ಹೇಳಿದ್ದು ಯಾರು ಅಂತ ಬರೆದಿದೆ ಸಿಂಧು?”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹಿದುಕಿದ ಕಾಳಿನ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅದಾದ ಮೇಲೆ ಎರಡು ಭಾನುವಾರ ಬಂದು ಹೋಗಿದ್ದಾಳೆ, ಕಾರ್ಡಿನ ಮಾತು ಎತ್ತಿಲ್ಲ. ಮನೆಯಲ್ಲಿ ರೋಗಿಯ ವಿಷಯ ಆಡಬಾರದೆಂದು ಅವಳಿಗೆ ಹೇಳಿಕೊಟ್ಟವಳು ನಾನೇ.